ತೀರ್ಥದ ಹನಿಯ ಉಪ್ಪು

ನಗರದ ಕೊಳಚೆ ನೀರನ್ನು ಶುದ್ಧಗೊಳಿಸುವ ಘಟಕದಲ್ಲಿ ತೆಳುವಾದ ಪೊರೆಯೊಂದಿತ್ತು. ಉಪ್ಪನ್ನು ತಡೆದು ನೀರನ್ನಷ್ಟೇ ಆಚೆಗೆ ಬಿಡುವುದು ಅದರ ಕೆಲಸ. ದಾಟಿದ ಹನಿ ಮತ್ತೆ ಊರಿನ ನಲ್ಲಿಗೆ ಹೋಗುತ್ತಿತ್ತು. ದಾಟದೆ ಉಳಿದದ್ದು ಉಪ್ಪುನೀರಿನ ಕಾಲುವೆಯ ಪಾಲಾಗುತ್ತಿತ್ತು.

ಒಂದು ದಿನ ಉಪ್ಪಿನಕಾಯಿ ಭರಣಿ ತೊಳೆದ ಹನಿಯೊಂದು ಅಲ್ಲಿಗೆ ಬಂತು. ತನ್ನಂಥದಕ್ಕೆ ಮತ್ತೆ ನಲ್ಲಿಯ ಯೋಗವೆಲ್ಲಿ ಎಂದು ಅಳುಕುತ್ತಲೇ ಸಾಲಿನಲ್ಲಿ ನಿಂತಿತು. ಅದರ ಮುಂದೆ ಅಭಿಷೇಕದ ತೀರ್ಥದ ಹನಿಯಿತ್ತು.

"ದಾರಿ ಬಿಡು," ಎಂದಿತು ತೀರ್ಥದ ಹನಿ. "ನಾನು ಋಷಿಯ ಕಮಂಡಲದಲ್ಲಿ ಹುಟ್ಟಿದ ಹೊಳೆಯ ಮಗಳು."

"ಇರಬಹುದು ತಾಯಿ. ಉಪ್ಪನ್ನು ಇಲ್ಲೇ ಬಿಟ್ಟು ಬನ್ನಿ," ಎಂದಿತು ಪೊರೆ.

"ಇದು ದೇವರ ಮೈ ಸೋಕಿದ ಉಪ್ಪು. ಇದನ್ನೂ ಬಿಟ್ಟರೆ ನನಗೂ ಈ ಬಚ್ಚಲ ನೀರಿಗೂ ಏನು ವ್ಯತ್ಯಾಸ?"

"ಕಥೆಯನ್ನು ಧಾರಾಳವಾಗಿ ಒಯ್ಯಿರಿ. ಅದಕ್ಕೆ ನನ್ನಲ್ಲಿ ತಡೆಯಿಲ್ಲ."

ತೀರ್ಥದ ಹನಿ ಉಪ್ಪನ್ನು ಅವುಚಿಕೊಂಡು ನಿಂತೇಬಿಟ್ಟಿತು. ಹಿಂದಿನಿಂದ ಪಂಪು ಒತ್ತಿತು. ಭರಣಿಯ ಹನಿ ತನ್ನ ಉಪ್ಪನ್ನು ಕಳಚಿ, ಪೊರೆಯಲ್ಲಿ ನುಸುಳಿ ಆಚೆಗೆ ಬಂತು. ಮೈ ಇಷ್ಟು ಹಗುರವಿದ್ದುದು ಅದಕ್ಕೆ ನೆನಪೇ ಇರಲಿಲ್ಲ. ತಿರುಗಿ ನೋಡಿದರೆ ತೀರ್ಥದ ಹನಿ ಕಾಲುವೆಯತ್ತ ಜಾರುತ್ತಿತ್ತು.

"ಅಕ್ಕಾ, ಬಿಟ್ಟು ನೋಡಿ, ನೋಯುವುದಿಲ್ಲ. ಕಾಲುವೆಗೆ ಬಿದ್ದರೆ ನಿಮ್ಮ ಕಥೆ ಕೇಳುವವರಾದರೂ ಯಾರು?"

ಆ ಮಾತಿಗೆ ತೀರ್ಥದ ಹನಿಯ ಹಿಡಿತ ಸಡಿಲಿತು. ಮರುಕ್ಷಣ ಅದೂ ಈಚೆಗೆ ಬಂದು, ಭರಣಿಯ ಹನಿಯ ಪಕ್ಕದಲ್ಲೇ ತಿಳಿಯಾಗಿ ಹೊಳೆಯಿತು.

"ನಲ್ಲಿಯ ಬಳಿ ಯಾರಾದರೂ ವಿಚಾರಿಸಿದರೆ ನಾನು ಯಾರೆಂದು ಹೇಳಲಿ?" ಎಂದು ಅದು ಮೆಲ್ಲಗೆ ಕೇಳಿತು.

"ನೀರು ಎಂದು ಹೇಳಿ, ಅಕ್ಕಾ. ನಂಬುತ್ತಾರೆ."