ಕಿಟಕಿಯ ಪಕ್ಕದ ಕೈಗುರುತು

ಹೊಸ ಅಧಿಕಾರಿ ಜಿರಲಿ ಸಾಹೇಬರು ಜಿಲ್ಲಾ ಕಚೇರಿಗೆ ಬಂದದ್ದೇ ಗುಡುಗಿಕೊಂಡು. "ಸರ್ಕಾರ ಹೊಸ ವಿನ್ಯಾಸ ನೀತಿ ತಂದಿದೆ. ಜನರಿಗೆ ಕೊಡುವ ಸೇವೆಗೆ ಹೊಸ ರೂಪ ಬೇಕು. ಸಂಜೆಯೊಳಗೆ ಯೋಜನೆ ಕೊಡದಿದ್ದರೆ ಎಲ್ಲರಿಗೂ ವರ್ಗಾವಣೆ!"

ಗುಮಾಸ್ತರು ಮುಖ ಮುಖ ನೋಡಿಕೊಂಡರು. ಕಸ ಗುಡಿಸುವ ನೀಲವ್ವ ಮಾತ್ರ ಕೈಮುಗಿದಳು. "ಯೋಜನಿ ತಯಾರ್ ಐತ್ರಿ ಸಾಹೇಬ್ರ. ಹೊರಗಿನ ಕಿಟಕ್ಯಾಗ ಅರ್ಜಿ ಕೊಟ್ಟು ತಗೋರಿ."

"ನಾನು ಅರ್ಜಿ ಕೊಡಬೇಕಾ?"

"ಇಲ್ಲಿ ಅರ್ಜಿ ಇಲ್ಲದ ಏನೂ ಸಿಗೂದಿಲ್ರಿ."

ಸಾಹೇಬರು ಹಲ್ಲು ಕಡಿಯುತ್ತ ಹೊರಗೆ ಹೋದರು. ಒಳಗೆ ಕುರ್ಚಿಯಲ್ಲಿ ಕೂತವರಿಗೆ ಅನುಕೂಲವಾಗಲೆಂದು ಕಿಟಕಿಯನ್ನು ಸೊಂಟದ ಎತ್ತರಕ್ಕೆ ಇಟ್ಟಿದ್ದರು. ಸಾಹೇಬರು ಬಗ್ಗಿದರು. ಗುಮಾಸ್ತ ರೂಢಿಯಂತೆ ತಲೆ ಎತ್ತದೆ, "ಸ್ವಲ್ಪ ನಿಲ್ರಿ" ಎಂದ.

ನಿಂತರು. ಸೊಂಟ ಹಿಡಿಯಿತು. ಆಸರೆಗೆಂದು ಗೋಡೆಗೆ ಕೈಯೂರಿದರೆ, ಅಂಗೈ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಅಲ್ಲಿ ಗಾರೆ ಸವೆದು, ಕಪ್ಪಾಗಿ, ಕನ್ನಡಿಯಂತೆ ನುಣುಪಾಗಿತ್ತು. ಎಷ್ಟು ವರ್ಷ, ಎಷ್ಟು ಸಾವಿರ ಜನ ಹೀಗೇ ಬಗ್ಗಿ ಇಲ್ಲೇ ಕೈಯೂರಿದ್ದರೋ! ಸಾಹೇಬರ ಗುಡುಗು ಅಡಗಿತು. ಗುಡಿಯ ಹೊಸ್ತಿಲು ಮುಟ್ಟಿದವರಂತೆ ಆ ತಗ್ಗನ್ನು ಮೆಲ್ಲಗೆ ಸವರಿದರು.

ತಿಂಗಳೊಳಗೆ ಕಿಟಕಿ ಮೇಲೇರಿತು, ಹೊರಗೆ ಬೆಂಚು ಬಂತು. ಸಾಹೇಬರು ಬರೆದು ಕಳಿಸಿದ ಒಂದು ಸಾಲು ನೀತಿಗೂ ಸೇರಿತು: ಸೇವೆ ರೂಪಿಸುವವರು ಮೊದಲು ಕಿಟಕಿಯ ಹೊರಗೆ ನಿಲ್ಲಬೇಕು.

ಯೋಜನೆಯ ಕಾಗದದಲ್ಲಿ, ಅದನ್ನು ಮಾಡಿದವರ ಹೆಸರಿನ ಜಾಗದಲ್ಲಿ ಅವರು ನೀಲವ್ವನ ಹೆಸರು ಬರೆಯಹೋದರು. ಅವಳು ತಡೆದಳು.

"ನನ್ನ ಹೆಸರು ಬ್ಯಾಡ್ರಿ ಸಾಹೇಬ್ರ. ಮಾಡಿದವರು ಆಗಲೇ ಗ್ವಾಡಿ ಮ್ಯಾಲೆ ಸಹಿ ಹಾಕ್ಯಾರ."