ಗುರಿ ಮುಟ್ಟಿದವಳು ತಿರುಗಿದಾಗ

“ಬುದ್ಧಿ, ತಪ್ಪನ್ನು ತಡೆದವಳು ನಾನು. ಆದರೂ ತಪ್ಪು ಮಾಡಿದವಳ ಹಾಗೆ ನನ್ನ ಎದೆ ಯಾಕೆ ಭಾರವಾಗಿದೆ?”

ನೀಲಾಂಬಿಕೆ ಹೀಗೆ ಕೇಳಿದಾಗ ಸ್ವಾಮಿಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಮಠದ ದಾಸೋಹದ ಉಸ್ತುವಾರಿ ನೀಲಾಂಬಿಕೆಯದು. ಅಲ್ಲಿ ಅಡುಗೆ ಮಾಡುವವಳು ಚಿಕ್ಕತಾಯಮ್ಮ. ವಯಸ್ಸಾದವಳು. ನೀಲಾಂಬಿಕೆ ಹೊಸದಾಗಿ ಮಠಕ್ಕೆ ಬಂದಾಗ ಅನ್ನ ಬಸಿಯುವುದನ್ನು ಕಲಿಸಿದವಳೂ ಅವಳೇ. ಹಿಂದಿನ ದಿನ ಮಕ್ಕಳು ಊಟಕ್ಕೆ ಕೂತಿದ್ದಾಗ ಚಿಕ್ಕತಾಯಮ್ಮ ಕುದಿಯುವ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಪಂಕ್ತಿಗಳ ನಡುವೆಯೇ ನಡೆದಿದ್ದಳು. ಬಿಸಿ ಪಾತ್ರೆ ಗೋಡೆಯ ಬದಿಯಿಂದಲೇ ಹೋಗಬೇಕು ಎಂಬುದು ಅಲ್ಲಿಯ ಕಟ್ಟಳೆ. ನೀಲಾಂಬಿಕೆ ಎಲ್ಲರೆದುರೇ ಅವಳನ್ನು ನಿಲ್ಲಿಸಿದಳು. ಪಾತ್ರೆ ಇಳಿಸಿಕೊಂಡಳು. ಇನ್ನು ಮುಂದೆ ಬಡಿಸುವ ಕೆಲಸ ನಿಮಗೆ ಬೇಡ ಎಂದಳು. ಆಗಿನಿಂದ ಚಿಕ್ಕತಾಯಮ್ಮ ಗೋಡೆಗೆ ಮುಖ ಹಾಕಿ ಕೂತಿದ್ದಾಳೆ. ಮಾತಿಲ್ಲ. ಒಂದು ತುತ್ತು ಅನ್ನ ಮುಟ್ಟಿಲ್ಲ.

“ಕೂತುಕೋ ತಾಯಿ. ಒಂದು ಹಿಡಿ ಕಾಯಿ ತೆಗೆದುಕೋ. ಕೈ ಸುಮ್ಮನಿದ್ದರೆ ಕಿವಿ ಕೇಳುವುದಿಲ್ಲ” ಎಂದರು ಸ್ವಾಮಿಗಳು. ಅವಳು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನ ಹೊರಗೆ, ಗುಡ್ಡವೊಂದರ ಬುಡದಲ್ಲಿ, ಗುಂಡು ಹೊಡೆಯುವ ಮೈದಾನವಿತ್ತು. ಯಾರು ಬೇಕಾದರೂ ಬರಬಹುದಿತ್ತು. ಹಂದಿ ಕಾಟದಿಂದ ಬೇಸತ್ತ ರೈತರು ಬರುತ್ತಿದ್ದರು. ಪೊಲೀಸ್ ಕೆಲಸದ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಬರುತ್ತಿದ್ದರು. ಮನೆಯಲ್ಲಿ ಹೊತ್ತು ಹೋಗದವರೂ ಬರುತ್ತಿದ್ದರು. ಬಂದೂಕು ಮೈದಾನದ್ದೇ. ಗುಡ್ಡದ ಮಣ್ಣಿಗೆ ಆನಿಸಿ ಕಾಗದದ ಗುರಿಗಳನ್ನು ನಿಲ್ಲಿಸಿರುತ್ತಿದ್ದರು. ಈಚೆ ತಗಡಿನ ಚಪ್ಪರದ ಕೆಳಗೆ ಒಂದು ಉದ್ದನೆಯ ಹಲಗೆ. ಬಂದೂಕು ಹಿಡಿದವರು ಹಲಗೆಯ ಮುಂದೆ ನಿಲ್ಲಬೇಕು. ಅವರ ಹಿಂದೆ ಮೈದಾನದ ಕೆಲಸದವರು. ಅದಕ್ಕೂ ಹಿಂದೆ, ಕಂಬಿಯ ಆಚೆ, ಜೊತೆಗೆ ಬಂದವರು.

ಮೈದಾನದ ಯಜಮಾನ ಸೈನ್ಯದಲ್ಲಿ ದುಡಿದು ಬಂದವನು. ಕೆಲಸಕ್ಕೆ ಸೇರಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: “ಗುರಿ ನೋಡುವವರು ನನಗೆ ಬೇಡ. ಕೈ ನೋಡುವವರು ಬೇಕು.”

ಆ ಮಾತಿಗೆ ಕಾರಣವಿತ್ತು. ಗುರಿ ತಪ್ಪಿದವನು ತಿರುಗುವುದಿಲ್ಲ. ನಾಚಿಕೆಯಿಂದ ಮುಂದಕ್ಕೇ ನೋಡುತ್ತಾ ನಿಂತಿರುತ್ತಾನೆ. ಗುರಿ ಮುಟ್ಟಿದವನೇ ಗರಕ್ಕನೆ ತಿರುಗುವುದು. ಕೈಯಲ್ಲಿ ಬಂದೂಕಿದೆ ಎಂಬುದೇ ಅವನಿಗೆ ಮರೆತು ಹೋಗುತ್ತದೆ. ನೋಡಿದಿರಾ ಎಂದು ಕೇಳಲು ತಿರುಗುತ್ತಾನೆ. ಅದೂ ಯಾರ ಕಡೆಗೆಂದರೆ ಅವರ ಕಡೆಗಲ್ಲ, ತನಗೆ ಬೇಕಾದವರ ಕಡೆಗೇ. ಬಂದೂಕಿನ ಬಾಯಿಯೂ ಅವನ ಜೊತೆಗೇ ತಿರುಗುತ್ತದೆ.

ಆದ್ದರಿಂದ ಅಲ್ಲಿ ಒಂದು ನಿಯಮ. ಬಂದೂಕನ್ನು ಹಲಗೆಯ ಮೇಲೆ ಇಟ್ಟೇ ತಿರುಗಬೇಕು. ಹಿಡಿದುಕೊಂಡು ತಿರುಗಿದರೆ ಅವನು ಯಾರೇ ಆಗಲಿ, ಅವತ್ತಿಗೆ ಬಂದೂಕು ಮುಟ್ಟುವ ಹಾಗಿಲ್ಲ.

ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಬೇರೆಲ್ಲೂ ಇಲ್ಲದ್ದು. ಬಂದೂಕು ಕಿತ್ತುಕೊಂಡ ಕೆಲಸದವರು ತಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟು, ಕಳೆದುಕೊಂಡವರ ಜೊತೆ, ಬಂದೂಕು ಇಡುವ ಕೋಣೆಯ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಬೇಕು. ಅವರು ತಾವಾಗಿ ಮುಖ ಎತ್ತಿ ಮಾತಾಡುವ ತನಕ ಏಳುವ ಹಾಗಿಲ್ಲ.

ಆ ಮೈದಾನದಲ್ಲಿ ಕೆಲಸಕ್ಕೆ ಸೇರಿದವಳು ಒಬ್ಬ ತರುಣಿ. ಬಹಳ ಸಂಕೋಚದವಳು. ಅಪರಿಚಿತರ ಕೈಯಿಂದ ಬಂದೂಕು ಕಿತ್ತುಕೊಳ್ಳುವುದಕ್ಕೆ ಅವಳು ಹೇಗೋ ಧೈರ್ಯ ತಂದುಕೊಂಡಳು. ಆಮೇಲೆ ಅವರ ಪಕ್ಕ ಕೂರುವುದೆಂದರೆ ಮಾತ್ರ ಅವಳಿಗೆ ಜೀವ ಹೋದ ಹಾಗಾಗುತ್ತಿತ್ತು.

ಒಮ್ಮೆ ಒಬ್ಬ ವ್ಯಾಪಾರಿ ಹೆಂಡತಿಯ ಕಡೆ ತಿರುಗಿ ಸಿಕ್ಕಿಬಿದ್ದ. ಬೆಂಚಿನ ಮೇಲೆ ಕೂತು ಬುಸುಗುಡುತ್ತಾ ಅವನು ತರುಣಿಗೆ ಹೇಳಿದ: “ಏನಮ್ಮಾ, ನಾನೇನು ನನ್ನ ಹೆಂಡತಿಯನ್ನು ಹೊಡೆದು ಹಾಕ್ತಿದ್ನಾ?”

ತರುಣಿ ಬಾಯಿ ಬಿಡುವ ಮೊದಲೇ ಕಂಬಿಯ ಆಚೆಯಿಂದ ಅವನ ಹೆಂಡತಿ ಕೂಗಿದಳು: “ಯಾರಿಗೆ ಗೊತ್ತು! ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತಲ್ಲ.”

ವ್ಯಾಪಾರಿ ನಕ್ಕುಬಿಟ್ಟ. ತರುಣಿಯ ಕೆಲಸ ಸುಲಭವಾಯಿತು. ಆದರೆ ಎಲ್ಲರೂ ಹೀಗೆ ನಗುತ್ತಿರಲಿಲ್ಲ. ಕೆಲವರು ಬೈಯುತ್ತಿದ್ದರು. ಕೆಲವರು ಅತ್ತ ತಿರುಗಿ ಕೂರುತ್ತಿದ್ದರು. ಅಂಥ ಒಂದು ದಿನ ಅವಳು ತಡೆಯಲಾರದೆ ಯಜಮಾನನನ್ನು ಕೇಳಿದಳು: “ಕಿತ್ತುಕೊಳ್ಳೋದೂ ನಾವೇ, ಕಣ್ಣೊರೆಸೋದೂ ನಾವೇನಾ ಸಾರ್?”

“ಹೂಂ. ಚಹಾ ತಂದುಕೊಡೋದೂ ನೀವೇ” ಎಂದ ಯಜಮಾನ.

ಹೀಗಿರುವಾಗ ಒಬ್ಬ ದರ್ಜಿ ತನ್ನ ಮಗಳನ್ನು ಕರೆದುಕೊಂಡು ಬಂದ. ದರ್ಜಿಯ ಹೆಂಡತಿ ಬದುಕಿದ್ದಾಗ ಇದೇ ಮೈದಾನಕ್ಕೆ ಬರುತ್ತಿದ್ದವಳು. ಒಳ್ಳೆಯ ಗುರಿಗಾರ್ತಿ. ಜ್ವರ ಬಂದು ತೀರಿಕೊಂಡಿದ್ದಳು. ಅವಳು ಹೋದ ಮೇಲೆ ಮಗಳು ಮಾತು ಬಿಟ್ಟಳು. ಊಟ ಬೇಕಾದರೆ ತಟ್ಟೆ ಮುಂದಿಡುವಳು, ಬೇಡವಾದರೆ ಎದ್ದು ಹೋಗುವಳು, ಅಷ್ಟೇ. ದರ್ಜಿ ಕಂಡ ಕಂಡ ವೈದ್ಯರಿಗೆಲ್ಲ ತೋರಿಸಿದ. ಕಡೆಗೆ ಒಂದು ದಿನ, ಪೆಟ್ಟಿಗೆಯಲ್ಲಿದ್ದ ತಾಯಿಯ ಟೋಪಿಯನ್ನು ಹಾಕಿಕೊಂಡು ಬಂದು ಮಗಳು ಬಾಗಿಲಲ್ಲಿ ನಿಂತಳು. ಎಲ್ಲಿಗೆ ಹೋಗಬೇಕು ಎಂದು ಅವನು ಕೇಳಲಿಲ್ಲ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದ.

ದರ್ಜಿಗೆ ಗುಂಡಿನ ಸದ್ದೆಂದರೆ ಬಹಳ ಹೆದರಿಕೆ. ಕಂಬಿಯ ಆಚೆ ನಿಂತು, ಮಗಳು ಬಂದೂಕು ಎತ್ತಿದ ಕೂಡಲೇ ಎರಡೂ ಕಿವಿಗೆ ಬೆರಳಿಟ್ಟು ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಆದರೂ ವಾರವಾರವೂ ತಪ್ಪದೆ ಕರೆದುಕೊಂಡು ಬರುತ್ತಿದ್ದ.

ಹುಡುಗಿಯ ಹಿಂದೆ ನಿಲ್ಲುವ ಕೆಲಸ ಆ ತರುಣಿಗೇ ಬಂತು. ಇಬ್ಬರೂ ಮಾತಾಡದವರು. ಒಬ್ಬಳಿಗೆ ದುಃಖ, ಇನ್ನೊಬ್ಬಳಿಗೆ ಸಂಕೋಚ. ತರುಣಿ ಹುಡುಗಿಯ ಮೊಣಕೈಯನ್ನು ಬೆರಳಿನಿಂದ ಮುಟ್ಟಿ ಸರಿಪಡಿಸುವಳು, ಹುಡುಗಿ ತಲೆಯಾಡಿಸುವಳು. ಗುಂಡು ಎಂದೂ ಗುರಿಗೆ ತಗಲುತ್ತಿರಲಿಲ್ಲ. ಮಣ್ಣು ಚಿಮ್ಮುತ್ತಿತ್ತು. ಹುಡುಗಿ ಬಂದೂಕು ಕೆಳಗಿಟ್ಟು ತಂದೆಯ ಹಿಂದೆ ಮನೆಗೆ ಹೋಗುತ್ತಿದ್ದಳು. ಒಂದು ಸಲವಾದರೂ ತಗಲಬಾರದೇ ಎಂದು ತರುಣಿ ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಯೋಚಿಸುವಳು.

ಈ ಆಸೆಯೇ ಅವಳ ಕಣ್ಣನ್ನು ಕೆಡಿಸಿತು.

ಆ ದಿನ ಹುಡುಗಿಯ ಬಂದೂಕಿನಲ್ಲಿ ಎರಡು ಗುಂಡುಗಳಿದ್ದವು. ಅವಳು ಉಸಿರು ಹಿಡಿದು ನಿಂತ ರೀತಿ ನೋಡಿಯೇ ತರುಣಿಗೆ ಇವತ್ತು ತಗಲುತ್ತದೆ ಎನಿಸಿತು. ಸದ್ದಾಯಿತು. ತರುಣಿ ಕೈ ನೋಡಲಿಲ್ಲ. ಗುರಿಯನ್ನು ನೋಡಿದಳು. ಗುರಿಯ ಕಪ್ಪು ಚುಕ್ಕೆಯ ಅಂಚಿನಲ್ಲಿ ಒಂದು ತೂತು ಬಿದ್ದಿತ್ತು.

“ಅಪ್ಪಾ!”

ಹುಡುಗಿ ತಿರುಗಿದ್ದಳು. ಬಾಯಿ ತುಂಬ ನಗುತ್ತಿದ್ದಳು. ಬಂದೂಕಿನ ಬಾಯಿ ನೇರ ದರ್ಜಿಯ ಎದೆಗೆ ಇತ್ತು. ಅವನು ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದ.

ತರುಣಿ ಹಾರಿ ಬಂದೂಕು ಹಿಡಿದು ಗುಡ್ಡದ ಕಡೆ ತಳ್ಳಿದಳು. ಅದರ ಬಾಯಿ ಅತ್ತ ತಿರುಗಿತೋ ಇಲ್ಲವೋ, ಎರಡನೆಯ ಗುಂಡು ಹಾರಿತು. ಗುಡ್ಡದ ಮಣ್ಣು ಚಿಮ್ಮಿತು. ಯಾರಿಗೂ ಏನೂ ಆಗಲಿಲ್ಲ.

“ಕಣ್ಣು ಕಾಣಲ್ವಾ ನಿನಗೆ? ಈಗ ನಿಮ್ಮಪ್ಪನೂ ಹೋಗ್ತಿದ್ದ!”

ಸಂಕೋಚದ ಆ ತರುಣಿಯ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಹೆದರಿಕೆಯಿಂದ ಬಂದ ಮಾತು ಅದು. ಆದರೆ ಆ ‘ಅಪ್ಪನೂ’ ಎಂಬುದು ದರ್ಜಿಯ ಮಗಳ ಎದೆಗೆ ಹೋಗಿ ನಾಟಿತು. ನಗು ಆರಿತು. ಅವಳು ಬೆಂಚಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ದರ್ಜಿ ಬಂದ. “ಹಾಗನ್ನಬಾರದಾಗಿತ್ತು ತಾಯಿ” ಎಂದ. “ಅವಳಮ್ಮ ಹೋದ ಮೇಲೆ ಇವತ್ತೇ ಅವಳು ನನ್ನನ್ನು ಅಪ್ಪಾ ಅಂದದ್ದು. ಇನ್ನೊಂದು ಸಲ ಹೊಡೆಯೋಕೆ ಬಿಡಿ. ಇಲ್ಲದಿದ್ದರೆ ಅವಳು ಮತ್ತೆ ಬಾಯಿ ತೆಗೆಯೋದಿಲ್ಲ.”

ತರುಣಿ ಯಜಮಾನನ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಬೆಂಚಿನ ಕಡೆ ನೋಡಿದ.

“ಅಲ್ಲಿಗೆ ಮಾತ್ರ ಕಳಿಸಬೇಡಿ ಸಾರ್. ನಾನು ಒಳಗೆ ಬಂದೂಕು ಒರೆಸ್ತೀನಿ. ನನ್ನ ಮುಖ ಕಂಡರೆ ಅವಳಿಗೆ ಇನ್ನೂ ನೋವಾಗುತ್ತೆ.”

“ಅವಳಿಗೋ, ನಿನಗೋ?” ಎಂದ ಯಜಮಾನ. ಅವಳ ಜಾಗದಲ್ಲಿ ತಾನೇ ಹೋಗಿ ನಿಂತ.

ತರುಣಿ ಬೆಂಚಿನ ತುದಿಯಲ್ಲಿ ಕೂತಳು. ಚಹಾ ತಂದಿಟ್ಟಳು. ಅದು ಆರಿ ಕೆನೆಗಟ್ಟಿತು. ಮೈದಾನಕ್ಕೆ ಬಂದವರು ಒಬ್ಬೊಬ್ಬರಾಗಿ ಮನೆಗೆ ಹೊರಟರು. ಹುಡುಗಿ ಅಲುಗಲಿಲ್ಲ. ಸಮಾಧಾನದ ಮಾತುಗಳನ್ನೆಲ್ಲ ತರುಣಿ ಮನಸ್ಸಿನಲ್ಲೇ ಜೋಡಿಸಿ ನೋಡಿದಳು. ಒಂದೂ ನಾಲಿಗೆಗೆ ಬರಲಿಲ್ಲ. ಕೊನೆಗೆ ನಿಜವೊಂದೇ ಉಳಿಯಿತು.

“ತಪ್ಪು ನನ್ನದೂ ಇದೆ. ನಾನು ನಿನ್ನ ಕೈ ನೋಡ್ತಾ ಇರಬೇಕಿತ್ತು. ನೋಡಲಿಲ್ಲ.”

ಹುಡುಗಿಯ ಬೆನ್ನು ಅಲುಗಿತು. ಗೋಡೆಗೇ ಕೇಳುವ ಹಾಗೆ, “ಮತ್ತೇನು ನೋಡ್ತಿದ್ರಿ?” ಎಂದಳು.

“ಗುರಿ.”

ಹುಡುಗಿ ತಿರುಗಿದಳು. ಕಣ್ಣು ಕೆಂಪಾಗಿತ್ತು. “ನೀವು ನೋಡಿದ್ರಾ? ಅಪ್ಪ ನೋಡಲೇ ಇಲ್ಲ. ಕಣ್ಣು ಮುಚ್ಕೊಂಡಿದ್ದ.”

“ನೋಡಿದೆ. ಕಪ್ಪು ಚುಕ್ಕೆಯ ಅಂಚಿಗೆ ತಗಲಿತು.”

“ನಡುವಿಗೆ.”

“ಅಂಚಿಗೆ” ಎಂದಳು ತರುಣಿ. ಅಂಥ ಹೊತ್ತಿನಲ್ಲೂ ಅವಳಿಗೆ ಸುಳ್ಳು ಹೇಳಲು ಬರಲಿಲ್ಲ.

ಹುಡುಗಿ ಮೂಗು ಒರೆಸಿಕೊಂಡಳು. ಆರಿದ ಚಹಾ ಎತ್ತಿ ಕುಡಿದಳು. “ಥೂ, ತಣ್ಣಗಾಗಿದೆ” ಎಂದಳು.

“ನೀನು ತಡ ಮಾಡಿದೆ.”

“ಮುಂದಿನ ವಾರವೂ ನೀವೇ ನನ್ನ ಹಿಂದೆ ನಿಲ್ತೀರಾ?”

“ನಿಲ್ತೀನಿ. ಆದರೆ ಗುರಿ ನೋಡೋದಿಲ್ಲ.”

“ಮತ್ತೆ ತಗಲಿದರೆ ಯಾರು ನೋಡೋರು?”

ತರುಣಿ ಕಂಬಿಯ ಕಡೆ ನೋಡಿದಳು. ಹುಡುಗಿಯೇ ಎದ್ದಳು. ಕಂಬಿಗೆ ಒರಗಿ ನಿಂತಿದ್ದ ದರ್ಜಿಯ ಬಳಿಗೆ ಹೋಗಿ ಅವನ ಅಂಗಿಯ ತೋಳು ಹಿಡಿದಳು.

“ಅಪ್ಪಾ, ಮುಂದಿನ ವಾರ ನೀನು ಕಣ್ಣು ಬಿಟ್ಟುಕೊಂಡು ನಿಲ್ಲಬೇಕು.”

“ನಿಲ್ತೀನಿ ಮಗಳೇ” ಎಂದ ದರ್ಜಿ. ಹಾಗೆ ಹೇಳುವಾಗಲೂ ಅವನ ಕಣ್ಣು ಮುಚ್ಚಿಯೇ ಇದ್ದವು. ನೀರು ಮಾತ್ರ ಇಳಿಯುತ್ತಿತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಮಡಿಲಿನ ಸಿಪ್ಪೆಗಳನ್ನು ಒಂದು ಕಡೆ ಕೊಡವಿದರು.

ನೀಲಾಂಬಿಕೆ ಕೇಳಿದಳು: “ಅವತ್ತು ಹುಡುಗಿಗೆ ಮತ್ತೆ ಬಂದೂಕು ಕೊಡಲಿಲ್ಲ ತಾನೇ ಬುದ್ಧಿ?”

“ಕೊಡಲಿಲ್ಲ.”

“ಹಾಗಾದರೆ ನಾನು ಚಿಕ್ಕತಾಯಮ್ಮನ ಕೈಯಿಂದ ಪಾತ್ರೆ ಇಳಿಸಿಕೊಂಡದ್ದೂ ಸರಿಯೇ. ಪಂಕ್ತಿಯಲ್ಲಿ ಅವರ ಮೊಮ್ಮಗಳು ಅಜ್ಜಿ ಅಂತ ಕೂಗಿದಳು. ಅದಕ್ಕೇ ಅವರು ಗೋಡೆಯ ಬದಿ ಬಿಟ್ಟು ನಡುವೆ ಬಂದದ್ದು. ಮಕ್ಕಳ ಮೇಲೆ ಸಾರು ಚೆಲ್ಲಿದ್ದರೆ ಏನು ಗತಿ?”

“ತಡೆದದ್ದು ಸರಿಯೇ ತಾಯಿ” ಎಂದರು ಸ್ವಾಮಿಗಳು. “ತಡೆದ ಮೇಲೆ ನೀನು ಎಲ್ಲಿಗೆ ಹೋದೆ?”

ನೀಲಾಂಬಿಕೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು ಎದ್ದು, ಚಿಕ್ಕತಾಯಮ್ಮ ಕೂತಿದ್ದ ಗೋಡೆಯ ಕಡೆ ನಡೆದಳು.