ಅಚ್ಚಿಗೆ ಹೋಗುವ ಮುನ್ನ

ಕಬಿನಿ ದಂಡೆಯ ಹೆಂಚಿನ ಮನೆಯೊಂದರಲ್ಲಿ ಪದ್ಮಾಕ್ಷಮ್ಮ ಚಿಪ್ ವಿನ್ಯಾಸ ಕಲಿಸುತ್ತಿದ್ದರು. ಅವರಿಗೆ ಇಬ್ಬರು ಶಿಷ್ಯರು: ಇಂದುಧರ, ಸಬೀಹಾ.

ಕಿವಿ ಮಂದವಾದ ಮಕ್ಕಳ ಶ್ರವಣಯಂತ್ರಕ್ಕೆಂದು ಇಬ್ಬರೂ ಒಂದೊಂದು ವಿನ್ಯಾಸ ಮಾಡಿದ್ದರು. ಎರಡೂ ಪ್ರೋಗ್ರಾಮೆಬಲ್ ಚಿಪ್‌ನಲ್ಲಿ ಚೆನ್ನಾಗಿ ಓಡುತ್ತಿದ್ದವು. ಅದರಲ್ಲಿ ಬರೆದು, ಅಳಿಸಿ, ಮತ್ತೆ ಬರೆಯಬಹುದು. ಆದರೆ ಕಿವಿಯೊಳಗೆ ಕೂರುವಷ್ಟು ಚಿಕ್ಕದಾಗಬೇಕಾದರೆ ಆ ಕೆಲಸಕ್ಕೆಂದೇ ಬೇರೆ ಚಿಪ್ ಅಚ್ಚು ಹಾಕಿಸಬೇಕು. ಅಚ್ಚಾದ ಮೇಲೆ ಒಂದು ಗೆರೆಯನ್ನೂ ತಿದ್ದಲಾಗದು.

ಪದ್ಮಾಕ್ಷಮ್ಮ ಸಬೀಹಾಳದ್ದನ್ನು ಆರಿಸಿದರು.

"ನನ್ನದು ಅವಳದಕ್ಕಿಂತ ವೇಗ," ಎಂದ ಇಂದುಧರ.

"ಅವಳದು ಬ್ಯಾಟರಿ ಕಡಿಮೆ ತಿನ್ನುತ್ತೆ. ಮೊದಲು ಅದು ಹೋಗಲಿ. ಅದರಲ್ಲಿ ತಪ್ಪು ಹುಡುಕೋದು ನಿನ್ನ ಕೆಲಸ."

ಅವನ ಹೊಟ್ಟೆಯೊಳಗೆ ಕೆಂಡ ಬಿತ್ತು. ಸಬೀಹಾ ಯಾತಕ್ಕೆ ನಕ್ಕರೂ ತನ್ನನ್ನೇ ನೋಡಿ ನಕ್ಕಂತೆ ಕಾಣುತ್ತಿತ್ತು. ಹಟ ಹಿಡಿದು ಒಂದೊಂದು ಸಾಲನ್ನೂ ಜಾಲಾಡಿದ. ಹನ್ನೊಂದನೆಯ ದಿನ ಸಿಕ್ಕಿತು.

ಬರೆದು ಅಳಿಸುವ ಅವರ ಹಳೆಯ ಚಿಪ್‌ಗೆ ಕರೆಂಟು ಕೊಟ್ಟರೆ ಒಳಗಿನ ಲೆಕ್ಕವೆಲ್ಲ ತಾನಾಗಿಯೇ ಸೊನ್ನೆಯಿಂದ ಶುರುವಾಗುತ್ತಿತ್ತು. ಅಚ್ಚಿನ ಚಿಪ್ ಹಾಗಲ್ಲ. ಸೊನ್ನೆಗೆ ಬಾ ಎಂದು ಹೇಳಿಯೇ ತರಬೇಕು, ಇಲ್ಲದಿದ್ದರೆ ಯಾವ ಅಂಕಿಯಿಂದಲಾದರೂ ಶುರುವಾದೀತು. ಸದ್ದಿನ ಮಟ್ಟ ಹಿಡಿದಿಡುವ ಕಡೆ ಸಬೀಹಾ ಅದನ್ನು ಹೇಳಲು ಮರೆತಿದ್ದಳು. ಯಂತ್ರ ಹಾಕಿದ ಕೂಡಲೇ ಮಗುವಿನ ಕಿವಿಗೆ ಸಿಡಿಲು ಬಡಿದಂತಾಗಬಹುದು.

ಇಂದುಧರನಿಗೆ ಖುಷಿಯಾಯಿತು. ಬಾಯಿ ಬಿಡಲಿಲ್ಲ.

ನಾಲ್ಕು ದಿನ ಕಳೆಯಿತು. ಅಚ್ಚಿಗೆ ಕಳಿಸುವ ಬೆಳಿಗ್ಗೆ, ತಿಂಡಿಗೆ ಕೂತಾಗ ಸಬೀಹಾ ಅಂದಳು: "ನೀನು ನೋಡಿದೀಯ ಅಂದಮೇಲೆ ನನಗೆ ಧೈರ್ಯ."

ಇಂದುಧರ ತಟ್ಟೆ ಪಕ್ಕಕ್ಕೆ ಸರಿಸಿದ. ಎದ್ದು ಹೊಳೆಗೆ ಹೋದ. ಪದ್ಮಾಕ್ಷಮ್ಮ ಬಟ್ಟೆ ಹಿಂಡುತ್ತಿದ್ದರು.

"ಅವಳದರಲ್ಲಿ ಒಂದು ತಪ್ಪಿದೆ, ಅಮ್ಮಾ."

"ಯಾವಾಗ ಸಿಕ್ತು?"

"ನಾಲ್ಕು ದಿನ ಆಯ್ತು." ತಲೆ ತಗ್ಗಿಸಿದ. "ಹಾಳಾಗಲಿ ಅಂತ ಸುಮ್ಮನಿದ್ದೆ."

ಅವರು ಬೈಯಲಿಲ್ಲ. ಒದ್ದೆ ಸೀರೆಯನ್ನು ಬಂಡೆಯ ಮೇಲೆ ಬಿಟ್ಟು, ಸಬೀಹಾಳನ್ನು ಕೂಗುತ್ತ ಮನೆಯತ್ತ ನಡೆದರು. ಸಂಜೆಯೊಳಗೆ ತಪ್ಪು ತಿದ್ದಿ ವಿನ್ಯಾಸ ಹೊರಟಿತು. ನೀನು ಉಳಿಸಿದೆ ಎಂದು ಸಬೀಹಾ ಅವನ ಕೈ ಹಿಡಿದು ಅತ್ತಳು. ಅದು ಅವನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಅವಳು ಒಳಗೆ ಹೋದ ಮೇಲೆ ಪದ್ಮಾಕ್ಷಮ್ಮನನ್ನು ಕೇಳಿದ: "ನನ್ನ ಹೊಟ್ಟೆಕಿಚ್ಚು ನಿಮಗೆ ಗೊತ್ತಿತ್ತು. ಆದರೂ ನನ್ನ ಕೈಗೇ ಯಾಕೆ ಕೊಟ್ಟಿರಿ?"

"ನಾನೇ ಎರಡು ಸಲ ನೋಡಿದ್ದೆ. ಕಾಣಲಿಲ್ಲ. ಅವಳ ಮೇಲಿನ ಅಕ್ಕರೆ ಕಣ್ಣು ಕಟ್ಟಿತ್ತು."

ಇಂದುಧರ ಹೋಗಿ ಬಂಡೆಯ ಮೇಲಿದ್ದ ಸೀರೆಯನ್ನು ಹಿಂಡಿ ತಂದ.

"ಮುಂದಿನ ಸರದಿ ನಿನ್ನದು," ಎಂದರು ಪದ್ಮಾಕ್ಷಮ್ಮ. "ಅದನ್ನ ನೋಡೋಕೆ ಸಬೀಹಾಗೆ ಕೊಡಬೇಕು. ಅವಳಿಗೆ ನಿನ್ನ ಮೇಲೆ ಒಂದು ಚೂರೂ ಹೊಟ್ಟೆಕಿಚ್ಚಿಲ್ಲ. ಅದೇ ನನಗೀಗ ಚಿಂತೆ."